ಹದಿನಾರು ಪುಟದ ಹೆಬ್ಬಾಗಿಲು

ಹೋಟೆಲಿನ ಕೋಣೆಯಲ್ಲೋ ವಿಮಾನದ ಸೀಟಿನ ಜೇಬಿನಲ್ಲೋ ಸಿಗುವ ಬಣ್ಣಬಣ್ಣದ ಪ್ರವಾಸಿ ಪುಸ್ತಿಕೆಗಳನ್ನು ಯಾರೂ ಓದುವುದಿಲ್ಲ ಎಂಬ ನಂಬಿಕೆಯ ಮೇಲೆ ನಾನು ದುಬೈಯಲ್ಲಿ ಹನ್ನೊಂದು ವರ್ಷ ಸಂಸಾರ ನಡೆಸಿದೆ. ಜನ ಅವುಗಳಿಂದ ಗಾಳಿ ಬೀಸಿಕೊಳ್ಳುತ್ತಾರೆ, ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಡುತ್ತಾರೆ, ಅದರ ಮೇಲೆ ಬಿಸಿ ಚಹಾದ ಲೋಟ ಇಡುತ್ತಾರೆ. ಓದುವುದೊಂದನ್ನು ಬಿಟ್ಟು ಉಳಿದೆಲ್ಲ ಉಪಯೋಗವೂ ಅವಕ್ಕಿದೆ. ಅಂಥ ಪುಸ್ತಿಕೆಗಳನ್ನು ಬರೆಯುವುದೇ ನನ್ನ ಕೆಲಸವಾಗಿತ್ತು. ದೇರಾದ ಒಂದು ಸಣ್ಣ ಜಾಹೀರಾತು ಕಚೇರಿಯಲ್ಲಿ ಕೂತು ನಾನು ಇಂಗ್ಲಿಷಿನಲ್ಲಿ ಎಷ್ಟೋ ಹೋಟೆಲುಗಳನ್ನು ಎತ್ತಿ ನಿಲ್ಲಿಸಿದ್ದೇನೆ. ಕಿಟಕಿಯಿಲ್ಲದ ಕೋಣೆಗೆ 'ನೆಮ್ಮದಿಯ ಏಕಾಂತ' ಎನ್ನಬೇಕು. ಲಾರಿಗಳು ಗುಡುಗುವ ಹೆದ್ದಾರಿಯ ಪಕ್ಕದಲ್ಲಿದ್ದರೆ 'ಸಂಪರ್ಕಕ್ಕೆ ಅನುಕೂಲ'. ಸುತ್ತ ಹತ್ತು ಮೈಲಿ ಏನೂ ಇಲ್ಲದಿದ್ದರೆ 'ಗದ್ದಲದಿಂದ ದೂರ'. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಫೋಟೋದವನು ನೋಡಿಕೊಳ್ಳುತ್ತಾನೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಒಂದು ಬೆಳಿಗ್ಗೆ ನಮ್ಮ ಯಜಮಾನರು ನನ್ನ ಮೇಜಿನ ಮೇಲೆ ಒಂದು ಕಡತ ಇಟ್ಟರು. ಅವರು ಪ್ಯಾಲೆಸ್ಟೈನಿನವರು, ಹೆಸರು ನಬೀಲ್. ಸಿಟ್ಟು ಬಂದಾಗಲೂ 'ಹಬೀಬಿ', ಅಂದರೆ 'ಪ್ರಿಯನೇ', ಎಂದೇ ಕರೆಯುತ್ತಿದ್ದುದರಿಂದ ಅವರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಉತ್ತರಕ್ಕೆ ಎರಡು ಗಂಟೆಯ ದಾರಿಯಲ್ಲಿ ಒಂದು ಕೈಗಾರಿಕಾ ಊರು. ಅದರ ಹೆಸರು ಹೇಳುವುದಿಲ್ಲ, ನನಗೆ ಬೇಕಾದವರು ಅಲ್ಲಿ ಈಗಲೂ ಇದ್ದಾರೆ. ತೀರ ದೊಡ್ಡದಲ್ಲ, ತೀರ ಚಿಕ್ಕದೂ ಅಲ್ಲ. ಸಿಮೆಂಟು, ಕೇಬಲ್ಲು, ಕೊಳಾಯಿಗಳನ್ನು ಮಾಡುತ್ತಿದ್ದ ಆ ಊರಿನಲ್ಲಿ, ಎರಡು ಸಿಮೆಂಟ್ ಕಾರ್ಖಾನೆಗಳ ನಡುವೆ, ಒಬ್ಬ ಪುಣ್ಯಾತ್ಮ ನಲವತ್ತು ಕೋಣೆಗಳ ಹೋಟೆಲು ಕಟ್ಟಿಸಿದ್ದ. ಊರು ನೋಡಲು ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಆದರೆ ಗುಡ್ಡಕ್ಕೆ ಹೋಗುವವರು, ಪೂರ್ವದ ಕಡಲಿಗೆ ಹೋಗುವವರು, ಒಮಾನ್ ಗಡಿಗೆ ಹೋಗುವವರು ಎಲ್ಲರೂ ಆ ಊರನ್ನು ಹಾದೇ ಹೋಗಬೇಕು. ಹಾಗೆ ಹಾದುಹೋಗುವವರನ್ನು ಒಂದು ರಾತ್ರಿ ತಡೆದು ನಿಲ್ಲಿಸಬೇಕು, ಇಷ್ಟೇ ಆತನ ಆಸೆ.

"ಊರನ್ನು ಹೊಗಳಬೇಡ ಹಬೀಬಿ," ಎಂದರು ನಬೀಲ್. "ಊರಿನಿಂದ ಎಲ್ಲೆಲ್ಲಿಗೆ ಹೋಗಬಹುದೋ ಅದನ್ನು ಹೊಗಳು. ಈ ಊರು ಒಂದು ಹೆಬ್ಬಾಗಿಲು. ಹದಿನಾರು ಪುಟ ಬೇಕು. ಎರಡು ದಿನ ಹೋಗಿ ಆ ಹೋಟೆಲಿನಲ್ಲೇ ಇದ್ದು ಎಲ್ಲ ನೋಡಿಕೊಂಡು ಬಾ. ಯಲ್ಲಾ, ಹೊರಡು."

ಹೋಗುವ ಮನಸ್ಸು ನನಗೆ ನಿಜವಾಗಿಯೂ ಇತ್ತು. ಆದರೆ ಅದೇ ಎರಡು ದಿನ ಶಾರ್ಜಾದಲ್ಲಿ ನಮ್ಮವರ ಎರಡು ಕ್ರಿಕೆಟ್ ಪಂದ್ಯಗಳು ಬಂದವು, ಶಾರ್ಜಾದ ಗೆಳೆಯನೊಬ್ಬನ ಬಳಿ ಎರಡಕ್ಕೂ ಒಂದೊಂದು ಟಿಕೆಟ್ ಹೆಚ್ಚಿಗೆ ಇತ್ತು. ಎರಡು ಜೊತೆ ಬಟ್ಟೆ, ಒಂದು ನೋಟ್ ಪುಸ್ತಕ ಹಿಡಿದು ಕರಾಮದ ಮನೆಯಿಂದ ಗಂಭೀರವಾಗಿ ಹೊರಟವನು ಕ್ರೀಡಾಂಗಣದಲ್ಲಿ ಹೋಗಿ ಕೂತೆ. ಮೂರನೆಯ ದಿನ ಮೂಗಿನ ತುದಿ ಸುಟ್ಟುಕೊಂಡು ಮನೆಗೆ ಬಂದಾಗ ನನ್ನ ಹೆಂಡತಿ ಶೈಲಾ ಅದಕ್ಕೆ ಬೆಣ್ಣೆ ಹಚ್ಚುತ್ತಾ, "ಕೆಲಸ ಕೆಲಸ ಅಂತ ಬಿಸಿಲಾಗ ಇಷ್ಟು ಸುತ್ತಬ್ಯಾಡ್ರಿ, ಒಂದು ಟೋಪಿನಾದ್ರೂ ಹಾಕ್ಕೊಳ್ರಿ," ಎಂದಳು. ಆ ಬೆಣ್ಣೆಯ ತಂಪು ಮೂಗಿಗೆ ಹಿತವಾಗಿತ್ತು, ಉಳಿದ ಭಾಗಗಳಿಗೆ ಹಿತವಾಗಿರಲಿಲ್ಲ. ಮರುದಿನ ಕಚೇರಿಯಲ್ಲಿ ಕೂತು, ಒಂದು ಹಳೆಯ ನಕ್ಷೆ ಮತ್ತು ಹೋಟೆಲಿನವರು ಕಳಿಸಿದ್ದ ಹನ್ನೆರಡು ಫೋಟೋಗಳ ಆಧಾರದ ಮೇಲೆ ಹದಿನಾರು ಪುಟ ಬರೆದೆ. ಪಾಪಪ್ರಜ್ಞೆಯಿಂದಲೋ ಏನೋ, ಅದರಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಬೆಳ್ಳಿಯ ಮಂಜು, ಊರ ನಡುವಿನ ಪುರಾತನ ಕೋಟೆ, ಒಂದೇ ಕೋಣೆಯ ಮೂರು ಕಿಟಕಿಗಳಿಂದ ಕಾಣುವ ಗುಡ್ಡ, ಮರಳು, ಸಮುದ್ರ. ನಬೀಲ್ ಓದಿ ಕಣ್ಣು ಒರೆಸಿಕೊಂಡರು. ಅವರಿಗೆ ನೆಗಡಿಯಿತ್ತು, ಆದರೂ ನಾನು ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ಇಲ್ಲಿಗೆ ಇದು ಮುಗಿಯಬೇಕಿತ್ತು. ಆದರೆ ಶೈಲಾ ನಾನು ಬರೆದುದನ್ನೆಲ್ಲ ಓದುತ್ತಾಳೆ, ನನ್ನ ಕಷ್ಟವೇ ಅದು. ಅಷ್ಟಕ್ಕೇ ನಿಲ್ಲಿಸದೆ ಆ ಹದಿನಾರು ಪುಟವನ್ನೂ ಎರಡು ಗೆರೆಯ ನೋಟ್ ಪುಸ್ತಕವೊಂದರಲ್ಲಿ ಕನ್ನಡಕ್ಕೆ ಇಳಿಸಿ ಹುಬ್ಬಳ್ಳಿಯ ತನ್ನ ದೊಡ್ಡಪ್ಪನಿಗೆ ಅಂಚೆಯಲ್ಲಿ ಕಳಿಸಿಬಿಟ್ಟಳು. ಅದಕ್ಕೊಂದು ಕಾರಣವಿತ್ತು. ನಮ್ಮ ಮದುವೆಯ ಮಾತುಕತೆಯ ಕಾಲದಲ್ಲಿ ಆ ದೊಡ್ಡಪ್ಪ, ವೀರಭದ್ರಪ್ಪನವರು, ಹುಡುಗ ಬರೆದು ತಿನ್ನುವವನು ಎಂದು ಕೇಳಿ, "ಬರೆಯೂದು ಒಂದು ಉದ್ಯೋಗ ಏನವಾ?" ಎಂದಿದ್ದರಂತೆ. ಅದಕ್ಕೆ ಅವಳು ಆರು ವರ್ಷ ತಡವಾಗಿ ಕೊಟ್ಟ ಉತ್ತರ ಆ ನೋಟ್ ಪುಸ್ತಕ.

ಮುಂದಿನ ಜನವರಿಯಲ್ಲಿ ವೀರಭದ್ರಪ್ಪನವರೇ ಮೂರು ತಿಂಗಳ ವಿಸಿಟ್ ವೀಸಾದ ಮೇಲೆ ಬಂದಿಳಿದರು. ಅವರು ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಸಂಚಾರ ನಿಯಂತ್ರಕರಾಗಿದ್ದವರು. ಗಾಜಿನ ಗೂಡಿನಲ್ಲಿ ಕೂತು ಬಾದಾಮಿಯ ಗಾಡಿ, ಹಂಪಿಯ ಗಾಡಿ, ಗೋವಾದ ಗಾಡಿ, ಕಾರವಾರದ ಗಾಡಿ ಎಂದು ಮೈಕಿನಲ್ಲಿ ಕೂಗಿ ಕೂಗಿ ಲಕ್ಷಾಂತರ ಜನರನ್ನು ಕಳಿಸಿದವರು. ತಾವು ಮಾತ್ರ ಅವುಗಳಲ್ಲಿ ಒಂದು ಊರನ್ನೂ ನೋಡಿರಲಿಲ್ಲ. ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ, "ನಾ ಹತ್ತಿದ್ರ ಗಾಡಿ ಬಿಡಾವ್ರು ಯಾರು?" ಎಂದಿದ್ದರು. ನಿವೃತ್ತರಾದ ಮೇಲೆ ಹೋಗಬಹುದಿತ್ತಲ್ಲ ಎಂದು ಕೇಳಲು ನನಗೆ ಧೈರ್ಯ ಬಂದಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದವರೇ ಚೀಲದಿಂದ ಆ ನೋಟ್ ಪುಸ್ತಕವನ್ನು ತೆಗೆದರು. ಅದಕ್ಕೆ ಖಾಕಿ ಹೊದಿಕೆ ಹಾಕಿದ್ದರು. ಚಿನ್ನದ ಪೇಟೆ ಬೇಡ, ಎತ್ತರದ ಕಟ್ಟಡ ಬೇಡ, ಕಡಲ ಖಾಡಿಯ ದೋಣಿಯೂ ಬೇಡ ಎಂದರು. "ಹುಬ್ಬಳ್ಳಿನೂ ಹೆಬ್ಬಾಗಿಲನ ಅಲ್ಲೇನ್ರಿ ಅಳಿಯಾರ? ಅಲ್ಲಿ ನೋಡೂದೇನೈತಿ? ಅಲ್ಲಿಂದ ಹೋಗಿ ನೋಡಬೇಕು. ಇನ್ನೊಂದು ಹೆಬ್ಬಾಗಿಲು ಹೆಂಗ ನಡಸ್ತಾರ ನಾ ಒಮ್ಮೆ ಕಣ್ಣಾರೆ ನೋಡಬೇಕು. ನೀವಂತೂ ಎರಡು ದಿನ ಇದ್ದು ಬಂದೀರಿ, ಎಲ್ಲ ತೋರಸ್ತೀರಿ."

ಮೊದಲ ಶುಕ್ರವಾರ ಕಾರಿನ ಬ್ರೇಕು ಸರಿಯಿಲ್ಲ ಎಂದೆ. ಎರಡನೆಯ ಶುಕ್ರವಾರ ಮರಳುಗಾಳಿ ಬರುವ ಸೂಚನೆಯಿದೆ ಎಂದೆ. ಅವರು ಕರಾಮದ ನಮ್ಮ ಬಾಲ್ಕನಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ಬಾರದ ಗಾಳಿಗಾಗಿ ಕಾದರು. ಮೂರನೆಯ ಶುಕ್ರವಾರ ಬೆಳಗಾಗುವ ಹೊತ್ತಿಗೆ ಶೈಲಾ ಚಪಾತಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಬಿಟ್ಟಿದ್ದಳು. ಬುತ್ತಿ ಕಟ್ಟಿದ ಮೇಲೆ ಉತ್ತರ ಕರ್ನಾಟಕದವರನ್ನು ತಡೆಯುವುದು ಮೈಸೂರಿನ ಕಡೆಯ ನನ್ನಂಥವನಿಂದ ಆಗುವ ಕೆಲಸವಲ್ಲ. ನನ್ನ ಹಳೆಯ ಜಪಾನಿ ಕಾರಿನಲ್ಲಿ ಹೊರಟೆವು. ದೊಡ್ಡಪ್ಪ ನನ್ನ ಪಕ್ಕ, ಶೈಲಾ ನೋಟ್ ಪುಸ್ತಕ ಹಿಡಿದು ಹಿಂದೆ.

ಒಂದೂವರೆ ಗಂಟೆಯ ನಂತರ ದಿಗಂತ ಬೂದಿಯ ಬಣ್ಣಕ್ಕೆ ತಿರುಗಿತು. "ಅಕಾ ಬಂತು ನೋಡ್ರಿ," ಎಂದು ಶೈಲಾ ಪುಟ ತಿರುವಿ ಓದಿದಳು: "'ಊರು ಹತ್ತಿರವಾಗುತ್ತಿದ್ದಂತೆ ಬೆಳ್ಳಿಯ ಮಂಜು ಪ್ರಯಾಣಿಕನನ್ನು ಮೃದುವಾಗಿ ಆವರಿಸುತ್ತದೆ.'" ಬೆಳ್ಳಿಯ ಮಂಜು ಆವರಿಸಿತು. ಎದುರಿನ ಗಾಜು ಮಸುಕಾಯಿತೆಂದು ನಾನು ನೀರು ಚಿಮ್ಮಿಸಿ ವೈಪರ್ ಹಾಕಿದೆ. ಗಾಜಿನ ಮೇಲೆ ಒಳ್ಳೆಯ ಗಾರೆ ತಯಾರಾಯಿತು. ಇಳಿದು ಅದನ್ನು ಕೆರೆದು ತೆಗೆಯುವಾಗ ದೊಡ್ಡಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, ಬದಿಯ ಕನ್ನಡಿಯ ಮೇಲೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದರು. "ಮಂಜು ಒಣಗೇತಿ," ಎಂದರು.

ಊರೊಳಗೆ ಬಂದ ಕೂಡಲೇ ಒಂದು ದೊಡ್ಡ ವೃತ್ತ ಎದುರಾಯಿತು. ಕೋಟೆ ತೋರಿಸಿ ಎಂದಳು ಶೈಲಾ. ಕೋಟೆ ಎಲ್ಲಿದೆಯೋ ನನಗೇನು ಗೊತ್ತು. ಫೋಟೋದಲ್ಲಿ ನೋಡಿದ, ಹಲ್ಲುಗಳಂತೆ ಸಾಲುಗಟ್ಟಿದ ತೆನೆಗಳುಳ್ಳ ಗೋಡೆಯನ್ನು ಹುಡುಕುತ್ತಾ ವೃತ್ತವನ್ನು ಒಂದು ಸುತ್ತು ಹಾಕಿದೆ, ಎರಡು ಸುತ್ತು ಹಾಕಿದೆ. ಮೂರನೆಯ ಸುತ್ತಿನಲ್ಲಿ ಅದು ಕಾಣಿಸಿತು. ಫೋಟೋದಲ್ಲಿದ್ದ ಅದೇ ಗೋಡೆ, ಅವೇ ತೆನೆಗಳು. ಅದರ ಮೇಲಿನಿಂದ ಕೆಳಗಿನವರೆಗೆ ನಾಲ್ಕು ದಪ್ಪ ಕೊಳವೆಗಳು ಇಳಿದಿದ್ದವು. "ಇದು ನೀರಿನ ಟಾಕಿ ಅಲ್ಲೇನ್ರಿ?" ಎಂದಳು ಶೈಲಾ. ಈಗಿನವರು ಪುರಾತನ ಕೋಟೆಯನ್ನು ಹೀಗೂ ಉಪಯೋಗಿಸುತ್ತಾರೆ ಎಂದು ನಾನು ಏನೋ ಹೇಳಲು ಹೊರಟೆ. ದೊಡ್ಡಪ್ಪ ತಲೆ ತಿರುಗಿಸಿ ನನ್ನ ಮುಖವನ್ನು ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ. ಆಮೇಲೆ ಮೆಲ್ಲಗೆ, "ಹೋಟೆಲ್ ಬಲಕ್ಕ ಐತಿ ನೋಡ್ರಿ ಅಳಿಯಾರ, ಬೋರ್ಡು ಹಾಕ್ಯಾರ," ಎಂದರು.

ಹೋಟೆಲಿನ ಕೌಂಟರಿನಲ್ಲಿ ಕೇರಳದ ಒಬ್ಬ ಸಭ್ಯ ಯುವತಿಯಿದ್ದಳು. ನಾನು ಬಾಯಿ ಬಿಡುವ ಮೊದಲೇ ಶೈಲಾ ಮುಂದೆ ಹೋಗಿ, ನಿಮ್ಮ ಹೋಟೆಲಿನ ಪುಸ್ತಿಕೆ ಬರೆದವರು ಇವರೇ, ಎರಡು ದಿನ ಇಲ್ಲೇ ಇದ್ದರು, ಮೂರು ಕಿಟಕಿಗಳ ಆ ಕೋಣೆಯನ್ನು ನಮ್ಮ ದೊಡ್ಡಪ್ಪನಿಗೆ ಒಂದು ನಿಮಿಷ ತೋರಿಸಬಹುದೇ ಎಂದು ಕೇಳಿದಳು. ಆ ಹುಡುಗಿ ನನ್ನತ್ತ ನೋಡಿ ಮುಗುಳ್ನಕ್ಕು, ಯಾವ ಕೋಣೆಯೆಂದು ನೋಡುತ್ತೇನೆ, ಯಾವ ತಿಂಗಳಲ್ಲಿ ಬಂದಿದ್ದಿರಿ ಎಂದು ದಪ್ಪನೆಯ ರಿಜಿಸ್ಟರನ್ನು ಎಳೆದುಕೊಂಡಳು. ಶೈಲಾ ತಿಂಗಳು ಹೇಳಿದಳು, ತಾರೀಖನ್ನೂ ಹೇಳಿದಳು. ನನ್ನ ಮೂಗಿಗೆ ಬೆಣ್ಣೆ ಹಚ್ಚಿದ ದಿನ ಅವಳಿಗೆ ನೆನಪಿತ್ತು. ಪುಟಗಳು ಒಂದೊಂದಾಗಿ ಮಗುಚಿದವು. ಆರು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಬೈದದ್ದುಂಟು, ಮುನಿಸಿಕೊಂಡದ್ದುಂಟು. ನಂಬದೆ ಇದ್ದದ್ದು ಮಾತ್ರ ಇರಲಿಲ್ಲ. ಆ ರಿಜಿಸ್ಟರಿನ ಇನ್ನೆರಡು ಪುಟಗಳಲ್ಲಿ ಅದೂ ಆಗಿಹೋಗುತ್ತದೆ ಎಂದುಕೊಂಡೆ.

ಆಗ ಖಾದಿ ಅಂಗಿಯ ತೋಳೊಂದು ನನ್ನ ಪಕ್ಕದಿಂದ ಬಂದು ರಿಜಿಸ್ಟರಿನ ಮೇಲೆ ಕೂತಿತು. "ಅರೇ ಬೇಟಿ, ವೋ ಕಿತಾಬ್ ರೈನೇ ದೇ," ಎಂದು ದೊಡ್ಡಪ್ಪ ಹುಬ್ಬಳ್ಳಿಯ ಹಿಂದಿಯಲ್ಲಿ ರಿಜಿಸ್ಟರನ್ನು ಬದಿಗಿಡಲು ಹೇಳಿದರು. "ಪೈಲೇ ಬೋಲ್, ಇಧರ್ ಗಾಡಿ ಕಾ ಅಡ್ಡಾ ಕಿಧರ್ ಹೈ?" ಆಮೇಲೆ ಶೈಲಾಳತ್ತ ತಿರುಗಿದರು. "ಕಿಟಕಿ ನೋಡಾಕ ನಾ ಹುಬ್ಬಳ್ಳಿಯಿಂದ ಬಂದೇನೇನವಾ? ನಡಿ, ಹಸಿವಿ ಆಗೇತಿ."

ಅವರು ಕೇಳಿದ ಗಾಡಿಗಳ ಅಡ್ಡೆ, ಅಂದರೆ ಟ್ಯಾಕ್ಸಿ ನಿಲ್ದಾಣ, ಹೋಟೆಲಿನ ಹಿಂದೆಯೇ ಇತ್ತು. ಶೈಲಾ ಕಾರಿನಲ್ಲಿ ಬುತ್ತಿ ಬಿಚ್ಚಲು ಕೂತಾಗ ದೊಡ್ಡಪ್ಪ ನನ್ನ ತೋಳು ಹಿಡಿದು ನಾಲ್ಕು ಹೆಜ್ಜೆ ಆಚೆಗೆ ಕರೆದುಕೊಂಡು ಹೋದರು.

"ಆ ಎರಡು ದಿನ ಎಲ್ಲಿದ್ರಿ?"

"ಶಾರ್ಜಾದಲ್ಲಿ. ಕ್ರಿಕೆಟ್ ನೋಡೋಕೆ ಹೋಗಿದ್ದೆ."

"ನಮ್ಮವರು ಗೆದ್ರೇನು?"

"ಮೊದಲನೇ ದಿನ ಗೆದ್ದರು. ಎರಡನೇ ದಿನ ಸೋತರು."

"ಸೋಲೂ ದಿನಾನೂ ಕಡೀತನಕ ಕುಂತಿದ್ರಿ?"

"ಕೊನೇ ಬಾಲಿನವರೆಗೂ ಇದ್ದೆ."

"ಹಂಗಾರ ಪೂರಾ ಕೆಟ್ಟ ಮನಷ್ಯಾ ಅಲ್ಲ ಬಿಡ್ರಿ," ಎಂದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಮೂವತ್ತು ವರ್ಷ ಮಂದಿ ಮಾರಿ ನೋಡೀನಿ. ಹೋಗಿ ಬಂದವರ ಮಾರಿ ಬ್ಯಾರೆ, ಹೊಂಟವರ ಮಾರಿ ಬ್ಯಾರೆ. ಆ ಸರ್ಕಲ್ಲಿನಾಗ ನಿಮ್ಮದು ಹಾದಿ ಕೇಳೂ ಮಾರಿ ಆಗಿತ್ತು. ಶೈಲಾಗ ನಾ ಹೇಳೂದಿಲ್ಲ. ಆದ್ರ ನಾ ಇರೂತನಕ ಪ್ರತಿ ಶುಕ್ರವಾರ ನನ್ನ ಇಲ್ಲಿಗೆ ಕರಕೊಂಡು ಬರಬೇಕು."

"ಈ ಊರಲ್ಲಿ ಏನಿದೆ ಅಂತ ದೊಡ್ಡಪ್ಪ?"

ಅವರು ಕೈ ಎತ್ತಿ ನಿಲ್ದಾಣವನ್ನು ತೋರಿಸಿದರು. ಏಳು ಸೀಟಿನ ಉದ್ದನೆಯ ಹಳೆಯ ಟ್ಯಾಕ್ಸಿಗಳು ಹೇಗೆಂದರೆ ಹಾಗೆ ನಿಂತಿದ್ದವು. ಯಾರ ಸರದಿ ಎಂದು ಪಠಾಣ ಚಾಲಕರು ಜಗಳವಾಡುತ್ತಿದ್ದರು. ರಜೆಯ ದಿನ ಹೊರಟ ಕಾರ್ಖಾನೆಯ ಕೆಲಸಗಾರರು ಒಂದು ಟ್ಯಾಕ್ಸಿಯಲ್ಲಿ ಕೂತು, ಅದು ಹೊರಡುವುದಿಲ್ಲವೆಂದು ಇಳಿದು, ಇನ್ನೊಂದನ್ನು ಹತ್ತುತ್ತಿದ್ದರು. "ಹೆಬ್ಬಾಗಿಲು ಐತಿ, ಕಾಯಾವ್ರಿಲ್ಲ," ಎಂದರು ವೀರಭದ್ರಪ್ಪ.

ಹೀಗೆ, ಎರಡು ದಿನ ಹೋಗಿ ನೋಡಲು ಸೋಮಾರಿತನ ಮಾಡಿದ ಊರಿಗೆ ನಾನು ಒಂಬತ್ತು ಶುಕ್ರವಾರ ಹೋದೆ. ನೋಡಬೇಕಾದ್ದನ್ನು ನೋಡಿಯಾಯಿತು ಎಂದು ಶೈಲಾ ಎರಡನೆಯ ವಾರವೇ ಬರುವುದನ್ನು ಬಿಟ್ಟಳು. ಗಂಡ ತನ್ನ ದೊಡ್ಡಪ್ಪನನ್ನು ಇಷ್ಟು ಅಕ್ಕರೆಯಿಂದ ಸುತ್ತಾಡಿಸುತ್ತಾನೆ ಎಂದು ಅಕ್ಕಪಕ್ಕದ ಫ್ಲ್ಯಾಟಿನವರಿಗೆಲ್ಲ ಹೇಳಿದಳು. ಆ ಹೊಗಳಿಕೆಯನ್ನು ಕೇಳುವುದು ನನ್ನ ಶಿಕ್ಷೆಯ ಇನ್ನೊಂದು ಭಾಗವಾಗಿತ್ತು.

ದೊಡ್ಡಪ್ಪ ಮೊದಲ ವಾರ ಸುಮ್ಮನೆ ನಿಂತು ನೋಡಿದರು. ಎರಡನೆಯ ವಾರ ಜಗಳದ ನಡುವೆ ಹೋಗಿ ಒಂದು ಮಾತು ಹೇಳಿದರು. ಮೂರನೆಯ ವಾರ ಮನೆಯಿಂದ ಸೀಮೆಸುಣ್ಣ ತಂದು, ಬಂದ ಕ್ರಮದಲ್ಲಿ ಪ್ರತಿ ಟ್ಯಾಕ್ಸಿಯ ಮುಂದಿನ ಟೈರಿನ ಮೇಲೆ ಅಂಕಿ ಬರೆದರು. ಬರೆದದ್ದು ಕನ್ನಡದ ಅಂಕಿ. ಆಮೇಲಿನ ವಾರಗಳಲ್ಲಿ, ಪೇಶಾವರದ ಆಚೆಯ ಆರಡಿ ಎತ್ತರದ ಗಂಡಸರು ತಮ್ಮ ತಮ್ಮ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದು ಏಳೋ ಎಂಟೋ ಎಂದು ಚರ್ಚಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಹಿರಿಯನಾದ ಗುಲಾಬ್ ಖಾನ್ ಎಂಬಾತ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿನಲ್ಲಿ ಹಾಕಿದ. ಚಹಾ ತಾನಾಗಿ ಬರುತ್ತಿತ್ತು. ಮಧ್ಯಾಹ್ನದ ನಮಾಜಿಗೆ ಎಲ್ಲರೂ ಮಸೀದಿಗೆ ಹೋದಾಗ ಅಷ್ಟೂ ಟ್ಯಾಕ್ಸಿಗಳ ಕೀಲಿಕೈಗಳು ದೊಡ್ಡಪ್ಪನ ಮಡಿಲಲ್ಲಿ ಇರುತ್ತಿದ್ದವು. ವಿಸಿಟ್ ವೀಸಾದಲ್ಲಿ ಬಂದವರು ಕೆಲಸ ಮಾಡುವಂತಿಲ್ಲ, ಪೊಲೀಸರು ಹಿಡಿದರೆ ಕಷ್ಟ ಎಂದು ನಾನು ಎಚ್ಚರಿಸಿದೆ. "ಕೆಲಸ ಯಾರು ಮಾಡಾಕತ್ಯಾರ? ನಾ ಕುಂತೀನಿ ಅಷ್ಟ," ಎಂದರು. ಕೂತಲ್ಲಿಂದಲೇ ಅವರ ದನಿ ಹೊರಡುತ್ತಿತ್ತು: "ದುಬೈ, ದುಬೈ, ದುಬೈ. ಫುಜೈರಾ. ಯಾರ್ರೀ ದಿಬ್ಬಾ, ದಿಬ್ಬಾ, ದಿಬ್ಬಾ." ಮೈಕಿಲ್ಲದೆಯೂ ಅದು ಸಿಮೆಂಟ್ ಕಾರ್ಖಾನೆಯ ಗೇಟಿನವರೆಗೆ ಕೇಳುತ್ತಿತ್ತು.

ದಿಬ್ಬಾ ಎಂದರೆ ಪೂರ್ವದ ತೀರದಲ್ಲಿ ಗುಡ್ಡಗಳ ಆಚೆಗಿರುವ ಊರು. ಆ ಹೆಸರು ಅವರಿಗೆ ಬಹಳ ಹಿಡಿಸಿತ್ತು. "ಹೆಸರ ದಿಬ್ಬ ಅಂದ ಮ್ಯಾಲೆ ಒಂದು ದಿಬ್ಬ ಇದ್ದ ಇರತೈತಿ," ಎನ್ನುತ್ತಿದ್ದರು. ಹೋಗಿ ನೋಡೋಣ ದೊಡ್ಡಪ್ಪ, ಕಾರಿದೆ ಎಂದರೆ, ಮುಂದಿನ ವಾರ ನೋಡೋಣ ಎಂದು ಟೈರಿನ ಕಡೆಗೆ ಹೋಗಿಬಿಡುತ್ತಿದ್ದರು.

ಕೊನೆಯ ಶುಕ್ರವಾರ ಅವರು ಊರಿಗೆ ಹೊರಡುವ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ದಿಬ್ಬಾದ ಟ್ಯಾಕ್ಸಿಯಲ್ಲಿ ಆರು ಜನ ಕೂತಿದ್ದರು. ದೊಡ್ಡಪ್ಪ ಏಳನೆಯವನಿಗಾಗಿ ಕೂಗುತ್ತಿದ್ದಾಗ ಗುಲಾಬ್ ಖಾನ್ ಮುಂದಿನ ಬಾಗಿಲು ತೆರೆದು ನಿಂತ. "ಚಾಚಾ, ಆಜ್ ಆಪ್ ಬೈಠೋ."

"ನಾನಾ?" ಎಂದು ದೊಡ್ಡಪ್ಪ ಕನ್ನಡದಲ್ಲೇ ಕೇಳಿದರು. "ನಾ ಹ್ವಾದ್ರ ಇಲ್ಲಿ ಯಾರು?"

ಗುಲಾಬ್ ಖಾನನಿಗೆ ಮಾತು ತಿಳಿಯಲಿಲ್ಲ, ಅರ್ಥ ತಿಳಿಯಿತು. ಅವನು ನನ್ನತ್ತ ನೋಡಿದ. ಉಳಿದ ಚಾಲಕರೂ ನನ್ನತ್ತ ನೋಡಿದರು. ದೊಡ್ಡಪ್ಪ ಬಹಳ ಹೊತ್ತು ಅನುಮಾನಿಸಿ, ಕೊನೆಗೆ ಸೀಮೆಸುಣ್ಣವನ್ನು ನನ್ನ ಕೈಯಲ್ಲಿಟ್ಟು, ಪಂಚೆ ಎತ್ತಿಕೊಂಡು ಹತ್ತಿ ಕೂತರು. ಟ್ಯಾಕ್ಸಿ ಹೊರಡುವಾಗ ಅವರು ಎರಡೂ ಕೈಯಲ್ಲಿ ಮುಂದಿನ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಮುಂದಿನ ಗಾಡಿಗೆ ಕೂಗಿದೆ. ಪಕ್ಕದಲ್ಲಿ ನಿಂತವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೊರಟ ಟ್ಯಾಕ್ಸಿಯ ಕಿಟಕಿಯಿಂದ ತಲೆ ಹೊರಬಂತು. "ಗಂಟಲದಿಂದ ಅಲ್ಲ ಅಳಿಯಾರ, ಹೊಟ್ಟಿಯಿಂದ ಕೂಗ್ರಿ."

ಹೊಟ್ಟೆಯಿಂದ ಕೂಗಿದೆ. ಸಂಜೆ ಐದರವರೆಗೆ ಕೂಗಿದೆ. ಎಂಟು ಮತ್ತು ಒಂಬತ್ತನ್ನು ಅದಲುಬದಲು ಬರೆದು ಎರಡು ಜಗಳ ಹಚ್ಚಿದೆ, ಫುಜೈರಾಕ್ಕೆ ಹೋಗಬೇಕಾದ ಒಬ್ಬ ಬಡಗಿಯನ್ನು ದುಬೈಗೆ ಕಳಿಸಿದೆ. ಐದೂವರೆಗೆ ದೊಡ್ಡಪ್ಪ ಮರಳಿ ಬಂದರು. ಪಂಚೆಯ ಅಂಚು ಒದ್ದೆಯಾಗಿ, ಮರಳು ಮೆತ್ತಿಕೊಂಡಿತ್ತು. ನನ್ನ ಕೈಯಿಂದ ಸೀಮೆಸುಣ್ಣವನ್ನು ವಾಪಸು ಕೇಳಲಿಲ್ಲ. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ, "ದಿಬ್ಬಾದಾಗ ದಿಬ್ಬ ಇಲ್ರಿ," ಎಂದರು. "ಸಮುದ್ರ ಐತಿ." ಇನ್ನೂ ಹತ್ತು ಮೈಲಿ ದಾಟಿದ ಮೇಲೆ ಮತ್ತೆ ಹೇಳಿದರು. "ದಿನಾ ನಾಕು ಕಾರವಾರದ ಗಾಡಿ ಬಿಡತಿದ್ದೆ." ಕೂಗಿ ಕೂಗಿ ಆ ಹೊತ್ತಿಗೆ ನನಗೆ ದನಿಯೇ ಉಳಿದಿರಲಿಲ್ಲ.

ಅವರು ಊರಿಗೆ ಹೋಗಿ ಒಂದು ವರ್ಷವಾದ ಮೇಲೆ ಹೋಟೆಲಿನವರು ಪುಸ್ತಿಕೆಯ ಹೊಸ ಆವೃತ್ತಿ ಕೇಳಿದರು. ಈ ಸಲ ನನಗೆ ನಕ್ಷೆ ಬೇಕಾಗಲಿಲ್ಲ, ಫೋಟೋ ಬೇಕಾಗಲಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆ ಊರಿನ ಪ್ರತಿ ತಿರುವನ್ನು ಹೇಳಬಲ್ಲವನಾಗಿದ್ದೆ. ಧೂಳಿದೆ, ಕಾರಿನ ಗಾಜಿಗೆ ಒಣ ಬಟ್ಟೆ ಇಟ್ಟುಕೊಳ್ಳಿ ಎಂದು ಬರೆದೆ. ನಿಲ್ದಾಣದ ಹಿಂದಿನ ಅಂಗಡಿಯ ಚಹಾ ಯಾಕೆ ಒಳ್ಳೆಯದು ಎಂದು ಬರೆದೆ. ಏಳನೆಯ ಸೀಟು ತುಂಬುವವರೆಗೆ ಕಾಯುವುದು ಹೇಗಿರುತ್ತದೆ, ಕಾದು ಹೊರಟವನಿಗೆ, ಆಮೇಲೆ ದೊಡ್ಡಪ್ಪ ಬಿಡಿಸಿ ಹೇಳಿದಂತೆ, ಗುಡ್ಡದ ಕೊನೆಯ ತಿರುವಿನಲ್ಲಿ ಸಮುದ್ರ ಹೇಗೆ ಒಮ್ಮೆಲೇ ಎದ್ದು ನಿಲ್ಲುತ್ತದೆ ಎಂದು ಬರೆದೆ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ನಬೀಲರ ಕೈಗೆ ಕೊಟ್ಟು, ಎದುರಿಗೆ ಕೂತೆ.

ನಬೀಲ್ ಹದಿನಾರು ಪುಟವನ್ನೂ ಓದಿ ಕನ್ನಡಕ ತೆಗೆದರು. "ಹಬೀಬಿ," ಎಂದರು, ಬಹಳ ಮೃದುವಾಗಿ. "ಹೋದ ಸಲದ್ದನ್ನು ಓದಿದರೆ, ಬರೆದವನು ಆ ಊರಿನಲ್ಲಿ ಹುಟ್ಟಿ ಬೆಳೆದವನು ಅನ್ನಿಸುತ್ತಿತ್ತು. ಇದನ್ನು ಓದಿದರೆ ನೀನು ಆ ಕಡೆ ಹೋಗಿಯೇ ಇಲ್ಲ, ಇಲ್ಲೇ ಕೂತು ಏನೇನೋ ಊಹಿಸಿಕೊಂಡಿದ್ದೀಯ ಅನ್ನಿಸುತ್ತದೆ. ನನಗೆ ಇದೆಲ್ಲ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡ."

ಒಂದೂ ದಿನ ನೋಡದೆ ಬರೆದಾಗ ತಣ್ಣಗಿದ್ದ ನನ್ನ ಕಿವಿಗಳು ಒಂಬತ್ತು ಶುಕ್ರವಾರ ನೋಡಿ ಬರೆದ ಮೇಲೆ ಬಿಸಿಯಾದವು. ಕಳ್ಳ ಸಿಕ್ಕಿಬಿದ್ದಾಗ ಹೇಗೆ ತಲೆ ತಗ್ಗಿಸುತ್ತಾನೋ ಹಾಗೆಯೇ ತಗ್ಗಿಸಿ, ತಪ್ಪಾಯಿತು ಸರ್, ಈ ವಾರವೇ ಹೋಗಿ ನೋಡಿಕೊಂಡು ಬರುತ್ತೇನೆ ಎಂದೆ.